ಹೊಸ ಆಫೀಸಿನ ಗೋಡೆಗಳು ಖಾಲಿ ಇವೆ, ಬಾಸಿಗೆ ಏಳು ಕುದುರೆ ಬೇಕಂತೆ

ಹಾಸನ_ಟು_ಥಾಣೆ | ಏಪ್ರಿಲ್ 11

ಎಲ್ಲರಿಗೂ ನಮಸ್ಕಾರ. ಒಂದು ಸಿಎ ಆಫೀಸಿನಲ್ಲಿ ಅಡ್ಮಿನ್ ನೋಡ್ಕೊಳ್ತೀನಿ. ಇಷ್ಟು ವರ್ಷ ಅಂಧೇರಿಯ ಒಂದು ಗಾಳಾದಲ್ಲಿ (ಮಳಿಗೆಯಲ್ಲಿ) ಇಕ್ಕಟ್ಟಾಗಿ ಕೂತಿದ್ದವರು ಈಗ ಥಾಣೆಯ ವಾಗ್ಳೆ ಎಸ್ಟೇಟಿಗೆ ಬಂದಿದ್ದೀವಿ. 54 ಜನ. ಕುರ್ಚಿ, ಮೇಜು, ಎಸಿ ಎಲ್ಲ ಮುಗೀತು. ಹೋದ ವಾರ ಬಾಸ್ ಕರೆದು, "ಗೋಡೆ ಬೋಳುಬೋಳಾಗಿದೆ, ಒಂದೂವರೆ ಲಕ್ಷದೊಳಗೆ ಏನಾದ್ರೂ ಹಾಕ್ಸಿ" ಅಂದ್ರು. ಬಾಗಿಲ ತನಕ ಹೋದವಳನ್ನ ಮತ್ತೆ ಕರೆದು, "ರಿಸೆಪ್ಷನ್‌ನಲ್ಲಿ ಮಾತ್ರ ಏಳು ಬಿಳೀ ಕುದುರೆ ಓಡೋದು ಬೇಕು, ವಾಸ್ತುವಿನವರು ಹೇಳಿದ್ದಾರೆ" ಅಂದ್ರು.

ಹಳೇ ಆಫೀಸಿನಲ್ಲಿ ನನ್ನ ಮೇಜಿನ ಎದುರಿಗೆ ಒಂದು ಹದ್ದಿನ ಪೋಸ್ಟರ್ ಇತ್ತು. ಕೆಳಗೆ ಯಶಸ್ಸಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಹನ್ನೊಂದು ವರ್ಷ ಆ ಹದ್ದು ನನ್ನನ್ನ ನೋಡಿದೆ. ಆಡಿಟ್ ಸೀಸನ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಅದೇ ಮುಖ. ಅಂಥದ್ದನ್ನ ಇನ್ನೊಬ್ಬರ ತಲೆ ಮೇಲೆ ಕಟ್ಟೋಕೆ ಮನಸ್ಸಿಲ್ಲ. ಆದರೆ ನನಗೆ ಚಿತ್ರಕಲೆಯ ಗಂಧಗಾಳಿ ಇಲ್ಲ. ಎಲ್ಲಿ ತರೋದು, ಕೈಯಲ್ಲಿ ಬಿಡಿಸಿದ್ದೋ ಪ್ರಿಂಟೋ, ಎಷ್ಟು ಎತ್ತರಕ್ಕೆ ಹಾಕೋದು? ಗೊತ್ತಿದ್ದವರು ಹೇಳಿ.

ಚೆಂಬೂರು_ಕ್ಯಾಷ್_ಕೌಂಟರ್

ಕುದುರೆ ತರುವುದಾದ್ರೆ ಅದರ ಮುಖ ಬಾಗಿಲ ಕಡೆ ಇರ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ. ದುಡ್ಡು ಹೊರಗೆ ಓಡ್ತದಂತೆ. ನಮ್ಮ ಎದುರಿನ ಟ್ರಾವೆಲ್ಸಿನವರು ಇದಕ್ಕಾಗಿಯೇ ಎರಡು ಸಲ ಗೋಡೆ ಬದಲಾಯಿಸಿದ್ದಾರೆ.

ನಮ್ಮ ಹೋಟ್ಲಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ತಿಮ್ಮಪ್ಪ, ಕಟೀಲಮ್ಮ, ಅಪ್ಪನ ಫೋಟೊ. ಮತ್ತೆಲ್ಲ ಟೈಲ್ಸು. ಗಿರಾಕಿ ಗೋಡೆ ನೋಡ್ತಾ ಕೂತ್ರೆ ನನ್ನ ಟೇಬಲ್ ಖಾಲಿ ಆಗ್ಬೇಡ್ವಾ?

ಮಾಟುಂಗದ_ಮಾಮ

ತಂಗೀ, ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಈ ಊರಿನಲ್ಲಿ ಇದಕ್ಕೊಂದು ಚರಿತ್ರೆಯೇ ಉಂಟು, ಅದರಲ್ಲಿ ನಮ್ಮವರ ಕೈಯೂ ಉಂಟು.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್ಆರ್, ಗೊತ್ತಲ್ಲ. ವಿಜ್ಞಾನಿ ಹೋಮಿ ಭಾಭಾ ಅದನ್ನು ಕಟ್ಟಿಸುವಾಗ ಕಟ್ಟಡದ ಹಣದಲ್ಲಿ ನೂರಕ್ಕೆ ಒಂದು ಪಾಲನ್ನು ಚಿತ್ರಕಲೆಗೆ ಎತ್ತಿಟ್ಟರು. ಅಣುವಿಜ್ಞಾನದ ಸಂಸ್ಥೆ, ನೆನಪಿರಲಿ. ಒಳಗೆ ಹೋದರೆ ಚಿತ್ರಕಾರ ಎಂ.ಎಫ್. ಹುಸೇನರ 'ಭಾರತ ಭಾಗ್ಯ ವಿಧಾತ' ಎನ್ನುವ ಭಿತ್ತಿಚಿತ್ರ, 45 ಅಡಿ ಉದ್ದದ್ದು, ಒಂದು ಗೋಡೆಯನ್ನೇ ಹಿಡಿದಿದೆ. ಆಗ ಹುಸೇನ್, ಆರಾ, ಗಾಯತೊಂಡೆ ಇವರೆಲ್ಲ ಇನ್ನೂ ದೊಡ್ಡ ಹೆಸರಾಗಿರಲಿಲ್ಲ. ಹೆಸರು ನೋಡಿ ಕೊಂಡದ್ದಲ್ಲ, ಕಣ್ಣಿಗೆ ಹಿಡಿಸಿದ್ದನ್ನು ಕೊಂಡದ್ದು.

ಅದೇ ಭಾಭಾ ಮತ್ತು ಚಿತ್ರಕಾರ ಕೆ.ಕೆ. ಹೆಬ್ಬಾರರು ದಾನಿ ಸರ್ ಕಾವಸ್‌ಜಿ ಜಹಾಂಗೀರರ ಬೆನ್ನು ಹತ್ತಿದ್ದರಿಂದ 1952ರಲ್ಲಿ ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಆಯಿತು. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದರು. ನಾನು ಫೋರ್ಟಿನ ಬ್ಯಾಂಕಿನಲ್ಲಿ ಇದ್ದಾಗ ಊಟದ ಡಬ್ಬಿ ಬೇಗ ಮುಗಿಸಿ ಹತ್ತು ನಿಮಿಷ ಜಹಾಂಗೀರ್ ಸುತ್ತಿ ಬರುತ್ತಿದ್ದೆ. ಟಿಕೇಟಿಲ್ಲ, ಫ್ಯಾನ್ ಉಂಟು. ಮೊದಲು ಫ್ಯಾನಿಗಾಗಿಯೇ ಹೋದದ್ದು, ಸುಳ್ಳು ಹೇಳುವುದಿಲ್ಲ.

ಇನ್ನೊಂದು ತಮಾಷೆ ಕೇಳು. ಏರ್ ಇಂಡಿಯಾದವರು 1967ರಲ್ಲಿ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯಿಂದ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಸಿಗರೇಟಿನ ಬೂದಿ ಬಟ್ಟಲು ಮಾಡಿಸಿದರು. ಸಂಭಾವನೆಯಾಗಿ ಆತ ಕೇಳಿದ್ದು ಆನೆಮರಿ! ಆ ಮರಿ ವಿಮಾನ ಹತ್ತಿದ್ದು ನಮ್ಮ ಬೆಂಗಳೂರಿನಿಂದ. ನರಿಮನ್ ಪಾಯಿಂಟಿನ ಏರ್ ಇಂಡಿಯಾ ಕಟ್ಟಡದಲ್ಲಿ ದಶಕಗಟ್ಟಲೆ ಸೇರಿಸಿದ ಚಿತ್ರಗಳು 2023ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋದವು. ಒಂದು ಆಫೀಸಿನ ಗೋಡೆ ಮೇಲಿದ್ದದ್ದು ದೇಶದ ಸ್ವತ್ತಾಯಿತು.

ನಿನ್ನ ಒಂದೂವರೆ ಲಕ್ಷದಲ್ಲಿ ಹೆಬ್ಬಾರರು ಬರುವುದಿಲ್ಲ, ಆದರೆ ಈಗ ಜೆ.ಜೆ.ಯಿಂದ ಹೊರಬೀಳುವ ಹುಡುಗ ಹುಡುಗಿಯರ ಒಂದೆರಡು ಕೃತಿ ಬಂದೀತು.

ಇಂಡಿ_ತಾಲೂಕಿನಾಂವ

ಅಕ್ಕಾರ, ಮಾಮಾರ ಹೇಳಿದ್ದು ಖರೆ ಐತಿ, ಆದ್ರ ಚಿತ್ರ ಆಮ್ಯಾಲ. ಮೊದ್ಲ ಗ್ವಾಡಿ ನೋಡ್ರಿ.

ನಾ ಪುಣೆದಾಗ ಇಂಟೀರಿಯರ್ ಸೈಟಿನ್ಯಾಗ ಸೂಪರ್‌ವೈಸರ್. ಹಿಂಜವಡಿ, ಖರಾಡಿ, ಬಾಣೇರ ಎಲ್ಲಾ ಕಡೆ ಆಫೀಸ್ ಮಾಡೀನಿ. ಕೈಬೆರಳಿಂದ ಗ್ವಾಡಿ ಬಡದ ನೋಡ್ರಿ. ಟೊಳ್ಳ ಸಪ್ಪಳ ಬಂತಂದ್ರ ಜಿಪ್ಸಂ ಬೋರ್ಡ್. ಅದಕ್ಕ ಸಾದಾ ಮೊಳಿ ಹೊಡದ್ರಿ ಅಂದ್ರ ಎಂಟ ದಿನದಾಗ ಚಿತ್ರ ನೆಲದ ಮ್ಯಾಲ. ಬೋರ್ಡಿನ ಹಿಂದ ರೆಕ್ಕಿ ಬಿಚ್ಚಿ ಹಿಡಕೊಳ್ಳೋ ಆಂಕರ್ ಸಿಗತಾವು, ಅವನ್ನ ಹಾಕ್ರಿ. ಇಲ್ಲಾ ಒಳಗಿನ ಲೋಹದ ಪಟ್ಟಿ ಹುಡುಕಿ ಅದಕ್ಕ ಸ್ಕ್ರೂ ಮಾಡ್ರಿ. ಭಾರೀ ಫ್ರೇಮಿಗಿ ಒಂದ ಮೊಳಿ ಸಾಲಂಗಿಲ್ಲ, ಎರಡ ಕಡೆ ಹುಕ್ ಬೇಕು. ಒಂದ ಇದ್ರ ಕಸಾ ಹೊಡಿಯೋ ಬಾಯಿ ಬಟ್ಟಿ ತಾಗಿಸಿದಾಗೊಮ್ಮೆ ಚಿತ್ರ ಸೊಟ್ಟಗ ಆಗತೈತಿ.

ಎರಡನೇದ, ಮಳಿ. ನೀವು ಬಂದಿದ್ದು ಏಪ್ರಿಲ್‌ನ್ಯಾಗ. ಯಾವ ಗ್ವಾಡಿ ಹೊರಗಿಂದು, ಯಾವದರ ಆ ಕಡೆ ಬಾತ್‌ರೂಮ್ ಐತಿ ಅಂತ ಈಗ ಕಾಣಂಗಿಲ್ಲ, ಹೊಸಾ ಪೇಂಟ್ ಎಲ್ಲಾ ಮುಚ್ಚತೈತಿ. ಜುಲೈದಾಗ ಗೊತ್ತಾಗತೈತಿ. ಕಾಗದದ ಮ್ಯಾಲಿನ ಚಿತ್ರ, ಬಟ್ಟಿ ಕಸೂತಿ ಅಂಥಾ ಗ್ವಾಡಿಗಿ ಹಾಕಿದ್ರ ದಸರಾಕ್ಕ ಬೂಸಲ ಬರತೈತಿ. ಯಾವ ಗ್ವಾಡಿ ಆಗ್ಲಿ, ಫ್ರೇಮಿನ ಹಿಂದ ನಾಕೂ ಮೂಲಿಗಿ ಕಾರ್ಕಿನ ತುಂಡ ಅಂಟಸ್ರಿ. ಗ್ವಾಡಿಗೂ ಫ್ರೇಮಿಗೂ ನಡುವ ಗಾಳಿ ಆಡಬೇಕು.

ಎತ್ತರ ಕೇಳಿದ್ರಿ. ಚಿತ್ರದ ನಡು ನೆಲದಿಂದ 57 ರಿಂದ 60 ಇಂಚು. ನಿಂತ ಮನಷ್ಯಾನ ಕಣ್ಣ ಅಲ್ಲಿಗೇ ಬರತೈತಿ. ನಮ್ಮ ಮಂದಿ ದೇವರ ಫೋಟೊ ಹಾಕಿ ಹಾಕಿ ರೂಢಿ, ಎಲ್ಲಾನೂ ಮ್ಯಾಲ ಏರಸ್ತಾರ. ಕುಂತ ನೋಡೋ ಜಾಗಾ ಇದ್ರ ಇನ್ನೂ ಒಂದ ನಾಕೈದ ಇಂಚ ಇಳಸ್ರಿ.

ಹಾಸನ_ಟು_ಥಾಣೆ

ಅಣ್ಣ, ನಿಮ್ಮ ಮಾತು ಓದಿ ಎಲ್ಲಾ ಗೋಡೆ ಬಡಿದು ನೋಡ್ದೆ. ಸ್ಟಾಫು ನನಗೇನೋ ಆಗಿದೆ ಅಂದ್ಕೊಂಡ್ರು. ಉದ್ದದ ಕಾರಿಡಾರ್ ಪೂರ್ತಿ ಟೊಳ್ಳು. ಕಾನ್ಫರೆನ್ಸ್ ರೂಮಿನ ಒಂದು ಗೋಡೆ ಹೊರಗಡೆಯದು, ಪಶ್ಚಿಮದ ಬಿಸಿಲು ನೇರವಾಗಿ ಎದುರು ಗೋಡೆಗೇ ಬೀಳತ್ತೆ.

ಫುಟ್‌ಪಾತ್_ಕುಂಚ

ಆ ಬಿಸಿಲಿನ ಗೋಡೆಗೆ ಜಲವರ್ಣ ಹಾಕಬೇಡಿ, ಎರಡು ವರ್ಷದಲ್ಲಿ ತೊಳೆದ ಹಾಗೆ ಆಗುತ್ತೆ. ಕ್ಯಾನ್ವಾಸ್ ಮೇಲಿನ ಅಕ್ರಿಲಿಕ್ ತಡ್ಕೊಳ್ಳುತ್ತೆ. ಗಾಜು ಇರಲ್ಲ, ಹಾಗಾಗಿ ಕಿಟಕಿಯ ಬಿಂಬವೂ ಬೀಳಲ್ಲ. ಎಷ್ಟೋ ಮೀಟಿಂಗ್ ರೂಮುಗಳಲ್ಲಿ ಚಿತ್ರದ ಬದಲು ಟ್ಯೂಬ್‌ಲೈಟನ್ನೇ ನೋಡಿ ಬಂದಿದ್ದೀನಿ.

ನಾನು ಕಲಬುರಗಿಯವನು. ವಾರಕ್ಕೆ ನಾಲ್ಕು ದಿನ ಜಹಾಂಗೀರ್ ಹೊರಗಿನ ಫುಟ್‌ಪಾತಿನಲ್ಲಿ ನನ್ನ ಚಿತ್ರ ಇಟ್ಕೊಂಡು ಕೂರ್ತೀನಿ. ಚಿತ್ರಕಾರ ಎಸ್.ಎಂ. ಪಂಡಿತರೂ ಕಲಬುರಗಿಯಿಂದಲೇ ಬಂದು ಜೆ.ಜೆ. ಮೆಟ್ಟಿಲು ಹತ್ತಿದವರು. ನಿಮ್ಮ ಅಜ್ಜಿ ಮನೆಯ ಕ್ಯಾಲೆಂಡರಿನ ರಾಮ, ಕೃಷ್ಣ, ಹಳೇ ಸಿನಿಮಾ ಪೋಸ್ಟರು, ಅವರ ಕೈಯದ್ದೇ ಇದ್ದಿರಬಹುದು.

ಕೊಳ್ಳೋ ವಿಷಯಕ್ಕೆ ಬರೋಣ. ಆಫೀಸಿನವರು ಬಂದು ಮೊದಲು ತೆಗೆಯೋದು ಫೋನು. ಸೋಫಾದ ಫೋಟೊ ತೋರ್ಸಿ, "ಇದಕ್ಕೆ ಮ್ಯಾಚ್ ಆಗೋದು ಇದ್ಯಾ?" ಹೊಟ್ಟೆಪಾಡು, ತೋರಿಸ್ತೀನಿ. ಆದ್ರೆ ಐದು ವರ್ಷಕ್ಕೆ ಸೋಫಾ ಬದಲಾಗುತ್ತೆ ಮೇಡಂ.

ದುಡ್ಡನ್ನ ಎಲ್ಲಾ ಗೋಡೆಗೂ ಹಂಚಬೇಡಿ. ಒಂದೇ ಒಂದು ದೊಡ್ಡದು, ಕೈಯಲ್ಲಿ ಬಿಡಿಸಿದ್ದು, ಜನ ಕಾಯೋ ಜಾಗಕ್ಕೆ. ಮಿಕ್ಕಿದ್ದು ಚಿಕ್ಕವು, ಬೇಕಿದ್ರೆ ಪ್ರಿಂಟು. ದೊಡ್ಡ ಗೋಡೆ ಮೇಲೆ ಎ4 ಸೈಜಿನ ಚಿತ್ರ ಅಂಚೆಚೀಟಿ ಥರ ಕಾಣುತ್ತೆ. ಸೋಫಾದ ಮೇಲಾದ್ರೆ ಅದರ ಉದ್ದದ ಮೂರರಲ್ಲಿ ಎರಡು ಪಾಲಾದ್ರೂ ಅಗಲ ಇರಲಿ. ಕೊಳ್ಳೋಕೆ ಮುಂಚೆ ಹಳೇ ಪೇಪರನ್ನ ಅದೇ ಅಳತೆಗೆ ಕತ್ತರಿಸಿ ಟೇಪ್ ಹಾಕಿ ಗೋಡೆಗೆ ಅಂಟಿಸಿ. ನಾಲ್ಕು ದಿನ ಹಾಗೇ ಬಿಡಿ, ಅಳತೆ ತಪ್ಪಿದ್ರೆ ಗೊತ್ತಾಗುತ್ತೆ.

ಮತ್ತೆ, ನಿಮ್ಮದು ಸಿಎ ಆಫೀಸು, ಕೇಳೇ ಕೇಳ್ತೀರ. ಜಿಎಸ್‌ಟಿ ನಂಬರ್ ನನ್ನಂಥವರ ಹತ್ರ ಇರಲ್ಲ, ಪ್ಯಾನ್ ಹಾಕಿ ರಸೀದಿ ಕೊಡ್ತೀವಿ.

ಹಾಸನ_ಟು_ಥಾಣೆ

ಅದು ನಡೆಯತ್ತೆ. ಬ್ಯಾಂಕಿಗೇ ಹಾಕ್ತೀವಿ. ಒಬ್ಬರಿಗೆ ದಿನಕ್ಕೆ 10,000 ರೂಪಾಯಿ ದಾಟಿ ನಗದು ಕೊಟ್ರೆ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚು ನಿಲ್ಲಲ್ಲ. ಬೇರೆಯವರಿಗೆ ಹೇಳಿಕೊಡೋ ನಾವೇ ಸಿಕ್ಕಿಬೀಳೋದು ಚೆನ್ನಾಗಿರಲ್ಲ.

ಖಡಕ್_ಖಡ್ಕಿ

ಒಂದೂವರೆ ಲಕ್ಷ ಇದ್ದರೆ ಜನರಿಗೆ ಒಳ್ಳೇ ಕುರ್ಚಿ ಕೊಡಿಸಿ. ಬೆನ್ನು ನೋವಿನವರಿಗೆ ಚಿತ್ರ ತೋರಿಸಿ ಏನು ಪ್ರಯೋಜನ? ನಮ್ಮ ಕಂಪನಿಯಲ್ಲಿ ಲಾಬಿಗೆ ಬರೋ ಕ್ಲೈಂಟಿಗೆ ಕಲೆ, ಒಳಗೆ ಕೂತವರಿಗೆ ಬೂದು ಪಾರ್ಟಿಷನ್.

ಹಾಸನ_ಟು_ಥಾಣೆ

ಕುರ್ಚಿ ಹೊಸದೇ ಬಂದಿದೆ ಸರ್. ಆದರೆ ಎರಡನೇ ಮಾತು ಚುಚ್ಚಿತು. ನಾನು ಮಾಡಿದ್ದ ಪಟ್ಟಿಯಲ್ಲೂ ಮುಕ್ಕಾಲು ದುಡ್ಡು ರಿಸೆಪ್ಷನ್‌ಗೇ ಇತ್ತು. ಕ್ಲೈಂಟು ಅಲ್ಲಿ ಹತ್ತು ನಿಮಿಷ ಕೂರ್ತಾರೆ, ನಮ್ಮ ಆರ್ಟಿಕಲ್ ಹುಡುಗರು (ಸಿಎ ಕಲಿಯೋಕೆ ಬಂದವರು) ಒಳಗೆ ಹತ್ತು ಗಂಟೆ.

ವಾಸ್ಕೋದಲ್ಲಿ_ಕುಮಟೆ

ಗೋವಾದಿಂದ ನಂದೊಂದು. ಇಲ್ಲಿ ರೆಸಾರ್ಟ್ ಒಂದರ ಮೇಂಟೆನೆನ್ಸಿನಲ್ಲಿ ಇದ್ದೇನೆ. ಸಮುದ್ರದ ಉಪ್ಪು ಗಾಳಿಗೆ ಸಾದಾ ಹುಕ್ಕು, ತಂತಿ ಎರಡು ಮಳೆಗಾಲ ಕಂಡರೆ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ.

ತೇವದ ಗೋಡೆಗೆ ಇಲ್ಲಿಯವರ ಉಪಾಯ ಹಳೆಯದು, ಬಣ್ಣದ ಟೈಲ್ಸಿನ ಚಿತ್ರ. ಪೋರ್ಚುಗೀಸರು ತಂದದ್ದು, ಅಝುಲೇಜು ಅಂತಾರೆ. ಪಣಜಿಯ ಮೆನೆಜೆಸ್ ಬ್ರಾಗಾಂಜಾ ಕಟ್ಟಡದ ಒಳಗೆ ಹೊಕ್ಕರೆ ಗೋಡೆ ತುಂಬ ನೀಲಿ ಟೈಲ್ಸಿನ ಚಿತ್ರ, 1935ರದ್ದು. ಸುಟ್ಟ ಬಣ್ಣ ಮಾಸಲ್ಲ, ಬೂಸಲು ಹಿಡಿಯಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಚಿತ್ರಗಳೂ ಟೈಲ್ಸಿನಲ್ಲಿ ಸಿಗುತ್ತವೆ. ನಿಮ್ಮ ಮುಂಬೈಯಲ್ಲೇ ಕೊಲಾಬಾದ ಕೆಫೆ ಮೊಂಡೆಗಾರ್ ಗೋಡೆ ತುಂಬ ಅವರದ್ದೇ ಚಿತ್ರ ಅಲ್ದಾ? ಜನ ಬಿಯರ್ ಮರೆತು ಗೋಡೆಯಲ್ಲಿ ಯಾರ ಮೂಗು ಎಷ್ಟುದ್ದ ಅಂತ ನೋಡ್ತಾ ಕೂತಿರ್ತಾರೆ. ಪ್ಯಾಂಟ್ರಿಗೆ ಅಂಥದ್ದು ಹೇಳಿ ಮಾಡಿಸಿದ್ದು.

ಫೋರ್ಟ್_ವಕೀಲ

ಪ್ರಿಂಟ್ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ನೆಟ್ಟಿನಿಂದ ಇಳಿಸಿ ದೊಡ್ಡದಾಗಿ ಪ್ರಿಂಟ್ ಹೊಡೆಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ಬದುಕಿರುವಷ್ಟು ಕಾಲ, ಆಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ರಾಜಾ ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅವರದ್ದಾದರೆ ಚಿಂತೆಯಿಲ್ಲ.

ಚಿತ್ರ ಕೊಂಡರೆ ನಿಮಗೆ ಸಿಗುವುದು ಆ ಕ್ಯಾನ್ವಾಸ್ ಮಾತ್ರ. ಬಾಸ್ ಅದನ್ನೇ ದೀಪಾವಳಿ ಡೈರಿ, ಕ್ಯಾಲೆಂಡರ್ ಮೇಲೆ ಅಚ್ಚು ಹಾಕಿಸಲು ಹೊರಟರೆ ಬೇರೆ ಒಪ್ಪಿಗೆ ಬೇಕು. ದುಡ್ಡು ಕೊಟ್ಟು ನಿಮಗಾಗಿಯೇ ಬರೆಸಿದ ಚಿತ್ರದ ಲೆಕ್ಕ ಬೇರೆ. ಒಪ್ಪಂದದಲ್ಲಿ ಬೇರೆ ರೀತಿ ಇಲ್ಲದಿದ್ದರೆ ಹಕ್ಕು ಬರೆಸಿದವರದ್ದು. ಎರಡು ಸಾಲು ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಹಾಗಂತ ಬರೆಸಿದವರು ಏನು ಬೇಕಾದರೂ ಮಾಡುವ ಹಾಗಿಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರ್‌ನಾಥ್ ಸೆಹಗಲ್ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಸರ್ಕಾರ ಅವರಿಗೊಂದು ಮಾತು ಹೇಳದೆ ಕಿತ್ತು ಉಗ್ರಾಣಕ್ಕೆ ಹಾಕಿತು, ತುಂಡುತುಂಡಾಯಿತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ತುಂಡುಗಳನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಆದ್ದರಿಂದ ಯಾರಿಂದಲಾದರೂ ಗೋಡೆಯ ಮೇಲೇ ಬರೆಸುವುದಾದರೆ, ಮುಂದೆ ಆಫೀಸು ಬಿಡುವಾಗ ಅದರ ಗತಿ ಏನು ಎನ್ನುವುದನ್ನೂ ಕಾಗದದಲ್ಲಿ ಹಾಕಿ. ಬಾಡಿಗೆ ಜಾಗವಾದರೆ ಮಾಲೀಕರ ಒಪ್ಪಿಗೆಯೂ ಬೇಕು.

ಡೊಂಬಿವಲಿ_ಫಾಸ್ಟ್

ಇಷ್ಟೆಲ್ಲ ಯಾಕ್ರೀ? ಹಂಪಿ ಕಲ್ಲಿನ ರಥ ಹಾಕಿ. ಕನ್ನಡದವರು ಇದ್ದಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ.

ಹಾಸನ_ಟು_ಥಾಣೆ

54 ಜನರಲ್ಲಿ ನಾವು ಕನ್ನಡದವರು ಆರು. ಬಾಸ್ ಗುಜರಾತಿನ ಕಚ್ಛ್ ಕಡೆಯವರು. ನಾನು ಹಂಪಿ ಹಾಕಿದ್ರೆ ನಾಳೆ ಇನ್ನೊಬ್ಬರು ರಾಯಗಡ, ಮತ್ತೊಬ್ಬರು ಸೋಮನಾಥ ತರ್ತಾರೆ. ಗೋಡೆ ರೈಲ್ವೆ ಟೈಂಟೇಬಲ್ ಆಗತ್ತೆ.

ಹೊಸನಗರದ_ಹಸೆ

ಡೊಂಬಿವಲಿಯವರೇ, ಊರಿನದ್ದು ಅಂದರೆ ಹಂಪಿ, ಮೈಸೂರು ಅರಮನೆ ಎರಡೇನಾ? ನಮ್ಮ ಸಾಗರ, ಹೊಸನಗರದ ಕಡೆ ದೀವರ ಸಮುದಾಯದ ಹೆಂಗಸರು ಬರೆಯೋ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರೇ ಕುಂಚ. ಮದುವೆ ಮನೆಯಲ್ಲಿ ಬರೆಯೋದು, ಗೆರೆ ಒಂದು ಕೂದಲಷ್ಟು ಆಚೀಚೆ ಆಗಲ್ಲ.

ಪುಣೆಗೆ ಬಂದ ಹೊಸತರಲ್ಲಿ ಒಂದು ಹೋಟೆಲಿನ ಗೋಡೆಯಲ್ಲಿ ವಾರ್ಲಿ ಆದಿವಾಸಿಗಳ ಚಿತ್ರ ನೋಡಿ ನಮ್ಮೂರಿನವರು ಇಲ್ಲಿಗೂ ಬಂದರಾ ಅಂತ ನಿಂತೇಬಿಟ್ಟಿದ್ದೆ. ಅದೂ ಕೆಮ್ಮಣ್ಣು, ಅದೂ ಅಕ್ಕಿ ಹಿಟ್ಟು, ಅದೂ ಮದುವೆಗೆ ಮುತ್ತೈದೆಯರು ಬರೆಯೋದು. ಪಾಲ್ಘರ್, ಜವ್ಹಾರ್, ಡಹಾಣು ನಿಮಗೆ ಥಾಣೆಯಿಂದ ದೂರವೂ ಅಲ್ಲ. ಕಾರಿಡಾರಿನಲ್ಲಿ ಒಂದು ಕಡೆ ಚಿತ್ತಾರ, ಎದುರಿಗೆ ವಾರ್ಲಿ ಹಾಕಿ. ಯಾರದ್ದು ಯಾವುದು ಅಂತ ಜನ ಕೇಳ್ತಾರೆ. ಆದರೆ ದಯವಿಟ್ಟು ಬರೆಯುವವರ ಕೈಯಿಂದಲೇ ಕೊಳ್ಳಿ, ಮಾಲ್‌ನಲ್ಲಿ ಸಿಗೋ ವಾರ್ಲಿ ಅಂಟುಚೀಟಿ ಬೇಡ.

ಚೆಂಬೂರು_ಕ್ಯಾಷ್_ಕೌಂಟರ್

ಕುದುರೆ ಎಲ್ಲಿಗೆ ಹೋಯ್ತು?

ಹಾಸನ_ಟು_ಥಾಣೆ | ಮೇ 30

ಕುದುರೆ ಕಥೆ ಕೇಳಿ. ಪೇಪರ್ ಕತ್ತರಿಸಿ ಅಂಟಿಸೋ ಉಪಾಯ ಮಾಡಿದ್ವಿ. ರಿಸೆಪ್ಷನ್‌ನಲ್ಲಿ ಐದಡಿ ಪೇಪರಿನ ಮೇಲೆ 'ಇಲ್ಲಿ ಏಳು ಕುದುರೆ' ಅಂತ ಮಾರ್ಕರ್‌ನಲ್ಲಿ ಬರೆದು ಅಂಟಿಸಿದೆ. ಬಾಸ್ ದಿನಾ ಅದರ ಮುಂದೆ ಓಡಾಡಿದ್ರು. ಐದನೇ ದಿನ ವಾಸ್ತುವಿನವರು ಬಂದು ನೋಡಿ, ಈ ಗೋಡೆಯಲ್ಲಿ ಕುದುರೆ ಯಾವ ಕಡೆ ಓಡಿದ್ರೂ ಬಾಗಿಲೋ ಟಾಯ್ಲೆಟ್ಟೋ ಎದುರಾಗತ್ತೆ ಅಂದ್ರು. ಈಗ ಕುದುರೆಗಳು ಬಾಸ್ ಕ್ಯಾಬಿನ್ನಿನ ದಕ್ಷಿಣದ ಗೋಡೆಗೆ. ನಾನು ಒಂದು ಮಾತೂ ಆಡಲಿಲ್ಲ, ದೇವರಾಣೆ.

ಮಿಕ್ಕಿದ್ದಕ್ಕೆ ಖಡ್ಕಿಯವರ ಮಾತು ನೆನಪಿಟ್ಟು, ಯಾರು ಯಾವ ಗೋಡೆ ನೋಡ್ಕೊಂಡು ಕೂರ್ತಾರೋ ಅವರನ್ನೇ ಕೇಳಿದೆ. ಮೊದಲು ಎಲ್ಲರನ್ನೂ ಒಟ್ಟಿಗೆ ವಾಟ್ಸಾಪಿನಲ್ಲಿ ಕೇಳಿದ್ದು ತಪ್ಪಾಯ್ತು. 54 ಜನ 70 ಫೋಟೊ ಕಳಿಸಿದ್ರು, ಮೂವರು ತಮ್ಮ ಮಕ್ಕಳು ಬಿಡಿಸಿದ್ದನ್ನ. ಆಮೇಲೆ ಗೋಡೆಗೆ ನಾಲ್ಕು ಜನರಂತೆ ಕೂರಿಸಿ, ನಾನೇ ಆರಿಸಿದ ಮೂರು ಮೂರು ಚಿತ್ರ ಮುಂದಿಟ್ಟೆ. ಅರ್ಧ ದಿನದಲ್ಲಿ ಮುಗೀತು. ಜಿಎಸ್‌ಟಿ ಟೀಮಿನವರು ಒಕ್ಕೊರಲಿನಿಂದ ಹೇಳಿದ್ದು, "ಏನಾದ್ರೂ ಹಾಕಿ, ಜಲಪಾತ ಬೇಡ, ಪದೇ ಪದೇ ಎದ್ದು ಹೋಗಬೇಕಾಗತ್ತೆ."

ರಿಸೆಪ್ಷನ್‌ಗೆ ಫುಟ್‌ಪಾತ್ ಕುಂಚ ಅವರ ಚಿತ್ರವೇ ಬಂತು. ಮಳೆಯಲ್ಲಿ ನಿಂತ ಲೋಕಲ್ ರೈಲು, ನಾಲ್ಕಡಿ ಅಗಲ. ಸೋಫಾಗೆ ಮ್ಯಾಚ್ ಆಗಲ್ಲ.

ಫುಟ್‌ಪಾತ್_ಕುಂಚ

ಆ ದಿನ ಸಂಜೆ ಬೇಗ ಮನೆಗೆ ಹೋದೆ. ಥ್ಯಾಂಕ್ಸ್ ಮೇಡಂ.

ಹಾಸನ_ಟು_ಥಾಣೆ | ಆಗಸ್ಟ್ 9

ಮಳೆಗಾಲದ ವರದಿ. ಇಂಡಿ ಅಣ್ಣ ಹೇಳಿದ ಹಾಗೇ ಆಯ್ತು. ಹೊರಗಡೆಯ ಗೋಡೆಗೆ ಜುಲೈ ಎರಡನೇ ವಾರ ಕಂದು ಕಲೆ ಬಂತು. ಪುಣ್ಯಕ್ಕೆ ಅಲ್ಲಿ ಏನೂ ಹಾಕಿರಲಿಲ್ಲ. ಆದರೆ ಧಾರವಾಡದಿಂದ ತರಿಸಿದ ಕಸೂತಿಯ ಬಟ್ಟೆಗೆ ಫ್ರೇಮಿನವರು ಗಾಜನ್ನ ನೇರ ಒತ್ತಿಬಿಟ್ಟಿದ್ರು, ಒಳಗೆ ಮಂಜು ಕಟ್ಟಿತ್ತು. ಬಿಚ್ಚಿಸಿ, ಸುತ್ತ ದಪ್ಪ ರಟ್ಟಿನ ಮೌಂಟ್ ಕೊಟ್ಟು ಗಾಜು ಬಟ್ಟೆಗೆ ತಾಗದ ಹಾಗೆ ಮಾಡಿಸಿದ್ವಿ.

ಇನ್ನೊಂದು ಎಡವಟ್ಟು ನನ್ನದೇ. ಚಿತ್ತಾರ, ವಾರ್ಲಿ ಎದುರುಬದುರು ಹಾಕೋ ಮಾತು ನನಗೆ ಹಿಡಿಸಿತ್ತು. ಡಹಾಣು ಕಡೆಯ ಕಲಾವಿದರ ಹತ್ತಿರವೇ ಎರಡು ವಾರ್ಲಿ ಕೊಂಡೆ. ಒಂದರಲ್ಲಿ ತಾರ್ಪಾ ವಾದ್ಯ ಊದುತ್ತಾ ಸುತ್ತು ಕಟ್ಟಿ ಕುಣಿಯೋ ಜನ. ಇನ್ನೊಂದು ಚೌಕಾಕಾರದ್ದು, ಅಂಚಿನ ತುಂಬ ಕುಸುರಿ, ನಡುವೆ ಒಂದು ಆಕೃತಿ. ಚೆಂದ ಅನ್ನಿಸಿ ಕಾರಿಡಾರಿನ ಕೊನೆಗೆ, ಟಾಯ್ಲೆಟ್ ಬಾಗಿಲ ಪಕ್ಕ ಹಾಕಿಸಿದೆ. ನಮ್ಮ ಆಫೀಸಿನಲ್ಲಿ ಚಹಾ ಕೊಡೋ ಹುಡುಗ ಜವ್ಹಾರ್ ಕಡೆಯವನು. ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಎಲ್ಲರೂ ಹೋದ ಮೇಲೆ ಬಂದು ಮೆಲ್ಲಗೆ ಅಂದ, "ಮ್ಯಾಡಂ, ಅದು ಪಾಲಘಟ್ ದೇವಿ. ನಮ್ಮಲ್ಲಿ ಮದುವೆಗೆ ಮನೆಯೊಳಗೆ ಬರೆಯೋದು."

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಎಲ್ಲರನ್ನೂ ಕೇಳಿದ್ದೆ, ಅವನನ್ನ ಕೇಳಿರಲಿಲ್ಲ. ಅವನು ಯಾವ ಗೋಡೆ ಎದುರಿಗೂ ಕೂರಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮರುದಿನ ಎಲ್ಲಿಗೆ ಹಾಕೋಣ ಅಂತ ಅವನಿಗೇ ಬಿಟ್ಟೆ. ಕಾರಿಡಾರಿನ ಮೊದಲಿಗೆ, ಬೆಳಕು ಬೀಳೋ ಕಡೆ ತೋರಿಸಿದ. ತಾನೇ ಏಣಿ ಹತ್ತಿ ಹಾಕಿದ, ಅಳತೆಪಟ್ಟಿ ಇಲ್ಲದೆ. ಆಮೇಲೆ ಅಳೆದು ನೋಡ್ದೆ, ನಡು 58 ಇಂಚಿಗಿತ್ತು.

ಹೊಸನಗರದ_ಹಸೆ

ಚಿತ್ತಾರಕ್ಕೂ ಅದೇ ಮಾತು ಅನ್ವಯ. ಹಸೆ ಗೋಡೆಯೆಂದರೆ ಮದುಮಕ್ಕಳನ್ನು ಕೂರಿಸೋ ಜಾಗ. ನಾನೇ ಮೊದಲು ಹೇಳಬೇಕಿತ್ತು, ತಪ್ಪಾಯಿತು. ಈಗೆಲ್ಲಿದೆ ಅದು?

ಹಾಸನ_ಟು_ಥಾಣೆ

ದೇವಿಯ ಎದುರಿಗೇ. ಅದು ಮಾತ್ರ ಸರಿಯಾಗಿ ಬಿದ್ದಿದೆ. ಈಗ ಟಾಯ್ಲೆಟ್ ಪಕ್ಕದ ಜಾಗ ಮತ್ತೆ ಖಾಲಿ. ಎರಡು ಹುಕ್ ಹಾಗೇ ಕಾಣ್ತಿವೆ. ಅಲ್ಲಿಗೆ ಏನು ಹಾಕಲಿ? ಉಳಿದಿರೋದು 6,200 ರೂಪಾಯಿ.

ಚೆಂಬೂರು_ಕ್ಯಾಷ್_ಕೌಂಟರ್

ಕನ್ನಡಿ ಹಾಕಿ ಮಾರಾಯ್ರೆ.

ಇಂಡಿ_ತಾಲೂಕಿನಾಂವ

ಹಾಕ್ರಿ, ಆದ್ರ ಹಿಂದ ಕಾರ್ಕ್ ಮರೀಬ್ಯಾಡ್ರಿ ಅಕ್ಕಾರ. ಆ ಗ್ವಾಡಿ ಆ ಕಡೆ ನೀರಿನ ಪೈಪ್ ಇರತೈತಿ. ಡ್ರಿಲ್ ಹಚ್ಚೂಮುಂದ ಪ್ಲಂಬರ್‌ನ ಒಂದ ಮಾತ ಕೇಳ್ರಿ.